ಎರಡು ಸಲ ಕತ್ತರಿಸಿದ ನೀಲಿ ಬಟ್ಟೆ

ನಾನು ಕತ್ತರಿ. ದರ್ಜಿಯ ಕತ್ತರಿ. ಈಗ ಅಡುಗೆಮನೆಯ ಮೊಳೆಗೆ ನೇತುಬಿದ್ದು ಹಾಲಿನ ಪಾಕೀಟು ಕತ್ತರಿಸುತ್ತೇನೆ, ನಿಜ. ಹಾಗಂತ ಯಾರಾದರೂ ನನ್ನನ್ನು ಅಡುಗೆಮನೆಯ ಕತ್ತರಿ ಅಂದರೆ ಸಿಟ್ಟು ಬರುತ್ತದೆ. ಸಿಟ್ಟು ನನ್ನ ಹುಟ್ಟುಗುಣ. ಬೆಟಗೇರಿಯ ಒಂದು ಕುಲುಮೆಯಲ್ಲಿ, ಮುರಿದ ಲಾರಿಯ ಕಮಾನುಪಟ್ಟಿಯನ್ನು ಕೆಂಪಗೆ ಕಾಯಿಸಿ, ಎರಡು ದಿನ ಬಡಿದು ನನ್ನನ್ನು ಮಾಡಿದರು. ಅಷ್ಟು ಏಟು ತಿಂದು ಹುಟ್ಟಿದವರು ತಣ್ಣಗೆ ಮಾತಾಡಲು ಎಲ್ಲಿ ಕಲಿಯಬೇಕು?

ಆದರೆ ಇದು ಸಿಟ್ಟಿನ ಕಥೆಯಲ್ಲ. ನಾನು ಮಾಡಿದ ಒಂದು ತಪ್ಪಿನ ಕಥೆ.

ಕುಲುಮೆಯಿಂದ ನನ್ನನ್ನು ಕೊಂಡವನು ದೇವಪುತ್ರಪ್ಪ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹಿಂದಿನ ಎರಡು ಕೋಣೆಗಳಲ್ಲಿ ಹೆಂಡತಿ ರಾಹೇಲಮ್ಮ ಮತ್ತು ಒಬ್ಬಳೇ ಮಗಳು ಕೃಪಾ. ದೇವಪುತ್ರಪ್ಪನಿಗೆ ನನ್ನ ವಿಷಯದಲ್ಲಿ ಒಂದೇ ಒಂದು ಕಟ್ಟಳೆಯಿತ್ತು: ಬಟ್ಟೆಯ ಕತ್ತರಿ ಕಾಗದ ಮುಟ್ಟಬಾರದು. ಕಾಗದ ತಿಂದ ಕತ್ತರಿ ಮೊಂಡಾಗುತ್ತದೆ. ಈ ಮಾತು ನನ್ನ ತಲೆಗೂ ಏರಿತ್ತು ಅನ್ನಿ.

ಕ್ರಿಸ್ಮಸ್ ರಜೆ ಬಂತೆಂದರೆ ಆ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಳಗೆ ರಾಹೇಲಮ್ಮ ಕರ್ಚಿಕಾಯಿ ಕರಿಯುತ್ತಿದ್ದಳು. ಹೊರಗೆ ಚರ್ಚಿನವರ ಬಟ್ಟೆಗಳು ಗುಡ್ಡೆ ಬಿದ್ದಿರುತ್ತಿದ್ದವು. ನಡುವೆ ಕೃಪಾ ಬಿದಿರಿನ ಸೀಳುಗಳನ್ನು ಕಟ್ಟಿ, ಮೈದಾ ಅಂಟು ಕಾಯಿಸಿ, ಬಾಗಿಲಿಗೆ ತೂಗಲು ನಕ್ಷತ್ರ ಮಾಡುತ್ತಿದ್ದಳು. ಅವಳಿಗೆ ಏಳು ವರ್ಷವಿದ್ದಾಗ ಅಪ್ಪ ಊಟಕ್ಕೆ ಎದ್ದ ಹೊತ್ತಿನಲ್ಲಿ ನನ್ನನ್ನು ಎತ್ತಿಕೊಂಡು ಹೋಗಿ ಕೆಂಪು ಕಾಗದಕ್ಕೆ ಬಾಯಿ ಹಚ್ಚಿಸಿದಳು. ನನಗೆ ಮೈಯೆಲ್ಲ ಉರಿಯಿತು. ತಿರುಪಿನ ಹತ್ತಿರ ಬಿಗಿದುಕೊಂಡೆ. ಎಷ್ಟು ಒತ್ತಿದರೂ ಬಾಯಿ ಮುಚ್ಚಲಿಲ್ಲ. ಕಾಗದ ಹಿಂಜಿ ಹಾಳಾಯಿತು. ಹುಡುಗಿ ಅತ್ತಳು. ದೇವಪುತ್ರಪ್ಪ ನಗುತ್ತ ಅವಳಿಗೊಂದು ಬ್ಲೇಡು ಕೊಟ್ಟ.

“ಇದಕ್ಕೂ ನಿನ್ನಂಗ ಹಟ ಐತಿ ಮಗಳ,” ಅಂದ.

ಇದನ್ನು ನೆನಪಿಟ್ಟುಕೊಳ್ಳಿ. ಬೇಡವೆನಿಸಿದರೆ ಬಿಗಿದುಕೊಳ್ಳಲು ನನಗೆ ಬರುತ್ತಿತ್ತು.

ದೇವಪುತ್ರಪ್ಪನಲ್ಲಿ ಒಂದು ದೋಷವಿತ್ತು. ಊರವರ ಬಟ್ಟೆಯೆಲ್ಲ ಮುಗಿದ ಮೇಲೆ ಕೊನೆಗೆ ಮಗಳ ಫ್ರಾಕು. ಪ್ರತಿ ವರ್ಷ ಅವಳು ಕಚ್ಚಾ ಹೊಲಿಗೆಯ ಫ್ರಾಕಿನಲ್ಲೇ, ದಾರದ ಎಳೆ ಜೋತಾಡಿಸಿಕೊಂಡು ಚರ್ಚಿಗೆ ಹೋಗುತ್ತಿದ್ದಳು. ಅವಳಿಗೆ ಒಂಬತ್ತಾದ ವರ್ಷ ರಾಹೇಲಮ್ಮನ ಸಹನೆ ಮುಗಿಯಿತು. ಕೃಪಾ ಶಾಲೆಗೆ ಹೋಗಿದ್ದಳು. ರಜೆಗೆ ಇನ್ನೂ ಒಂದು ವಾರವಿತ್ತು. ಗಂಡ ಊಟಕ್ಕೆ ಕೂತಿದ್ದ. ಎರಡು ರೊಟ್ಟಿಯಲ್ಲಿ ಒಂದು ಮುಗಿದಿತ್ತು. ಅವಳು ಒಲೆಯ ಮುಂದಿನಿಂದಲೇ ಶುರು ಮಾಡಿದಳು. ಊರ ಮಕ್ಕಳಿಗೆಲ್ಲ ಜರಿ, ಗುಂಡಿ; ಹೆತ್ತ ಮಗಳಿಗೆ ಜೋತಾಡುವ ದಾರ. ಇಂಥ ಅಪ್ಪ ಇದ್ದರೆಷ್ಟು ಬಿಟ್ಟರೆಷ್ಟು ಎಂದುಬಿಟ್ಟಳು.

ಅವನು ಎರಡನೆಯ ರೊಟ್ಟಿ ತಟ್ಟೆಯಲ್ಲೇ ಬಿಟ್ಟು, ಕೈ ತೊಳೆದು ಅಂಗಡಿಗೆ ಬಂದ. ಬಿಳಿ ಚುಕ್ಕೆಯ ನೀಲಿ ಬಟ್ಟೆ ಹಾಸಿದ. ಸೀಮೆಸುಣ್ಣದಿಂದ ಗೆರೆ ಎಳೆದ. ನನ್ನನ್ನು ಎತ್ತಿಕೊಂಡ. ಮುಂದಿನ ಭಾಗ, ಹಿಂದಿನ ಭಾಗ, ಎರಡು ತೋಳು, ಕಾಲರು. ಅಷ್ಟು ನಯವಾಗಿ ನಾನು ಯಾವತ್ತೂ ಓಡಿರಲಿಲ್ಲ. ಎಲ್ಲ ಮಡಚಿ, ಒಂದು ಪಟ್ಟಿಯಿಂದ ಗಂಟು ಕಟ್ಟಿ ಹಲಗೆಯ ಮೇಲಿಟ್ಟ.

ಮರುದಿನ ಬೆಳಿಗ್ಗೆ ಯಂತ್ರದ ಮುಂದೆ ಕೂತವನು ತಲೆಯನ್ನು ಅದರ ಚಕ್ರಕ್ಕೆ ಆನಿಸಿದ. ಮತ್ತೆ ಎತ್ತಲಿಲ್ಲ. ಎದೆಗೆ ಏನೋ ಆಯಿತೆಂದರು.

ಹೊಲಿಗೆ ಯಂತ್ರ ಬೇರೆ ಮನೆಗೆ ಹೋಯಿತು. ನಾನು ಉಳಿದೆ. ನೀಲಿ ಗಂಟನ್ನು ರಾಹೇಲಮ್ಮ ಬಿಚ್ಚದೆ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು. ಮಗಳಿಗೆ ತೋರಿಸಲಿಲ್ಲ. ಮಗ್ಗದ ಮನೆಗಳಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಹೋಗತೊಡಗಿದಳು. ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. ನನ್ನ ಪಾಲಿಗೆ ಬಂದದ್ದು ಗೋಣಿದಾರ, ಗುಳಿಗೆಯ ಹಾಳೆ, ಉಪ್ಪಿನ ಪಾಕೀಟು, ಮತ್ತೆ ಕಾಗದ. ಹೌದು, ಕಾಗದ. ಮೊದಮೊದಲು ಬಿಗಿದುಕೊಂಡೆ. ಆಮೇಲೆ ಸಾಕಾಗಿ ತಿಂದೆ. ಒಂದು ವರ್ಷ ನನ್ನ ಬಾಯಿಗೆ ಬಟ್ಟೆ ಸೋಕಲಿಲ್ಲ.

ಮತ್ತೆ ಡಿಸೆಂಬರ್ ಬಂತು, ಕ್ರಿಸ್ಮಸ್ ರಜೆಯೂ ಬಂತು. ಆ ಸಲ ಬಾಗಿಲಿಗೆ ನಕ್ಷತ್ರವಿರಲಿಲ್ಲ. ಚಳಿ ಮಾತ್ರ ಜೋರಾಗಿತ್ತು. ಮನೆಯಲ್ಲಿದ್ದದ್ದು ಒಂದೇ ಕೌದಿ. ರಾಹೇಲಮ್ಮ ಅದನ್ನು ಮಗಳಿಗೆ ಹೊದಿಸಿ, ತಾನು ತೆಳ್ಳನೆಯ ಚಾದರ ಸುತ್ತಿಕೊಂಡು ಮಲಗುತ್ತಿದ್ದಳು. ಕೆಮ್ಮುತ್ತಿದ್ದಳು. ಹತ್ತು ವರ್ಷದ ಕೃಪಾ ಇದನ್ನು ನೋಡಿದಳು. ಬಾಜೂ ಮನೆಯ ಹನಮವ್ವನ ಹತ್ತಿರ ಹೋದಳು.

ಹನಮವ್ವ ಆ ಓಣಿಗೆಲ್ಲ ಕೌದಿ ಹೊಲಿಯುವ ಮುದುಕಿ. ಹಳೆಯ ಬಟ್ಟೆಯ ಚೂರುಗಳನ್ನು ಜೋಡಿಸಿ, ಸಾಲುಸಾಲು ಹೊಲಿಗೆ ಹಾಕಿ, ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚಿಟಿಕೆ ಸಕ್ಕರೆ ಇಡುತ್ತಿದ್ದಳು. ಕೌದಿಯನ್ನು ಉಪವಾಸ ಹೊರಗೆ ಕಳಿಸಬಾರದು ಅನ್ನುವುದು ಅವಳ ಪದ್ಧತಿ.

“ಹಳೇ ಅರಿವಿ ಚೌಕ ಚೌಕ ಕತ್ತರಿಸಿಕೊಂಡು ಬಾ,” ಅಂದಳು ಹುಡುಗಿಗೆ. “ಇಬ್ಬರೂ ಹೊಲಿಯೂಣು. ನಿಮ್ಮವ್ವಗ ಹೇಳಬ್ಯಾಡ. ಹಬ್ಬದ ದಿನಾ ಹೊದಿಸಿಬಿಡು, ಬೆರಗಾಗಲಿ.” ಅವತ್ತೇ ಓಣಿಗೆ ಬಂದ ಸಾಣೆಯವನ ಹತ್ತಿರ ನನ್ನನ್ನು ಸಾಣೆ ಹಿಡಿಸಿಯೂ ಕೊಟ್ಟಳು.

ಹುಡುಗಿ ಟ್ರಂಕು ತೆರೆದಳು. ಒಂದು ಹರಿದ ಸೀರೆ, ಅಪ್ಪನ ಎರಡು ಲುಂಗಿ, ತಳದಲ್ಲಿ ಪತ್ರಿಕೆಯ ಗಂಟು. ಅಂಗಡಿಯ ಮೂಲೆಯಲ್ಲಿ ಉಳಿದ ಚಿಂದಿಯನ್ನು ಅಪ್ಪ ಹೀಗೇ ಪಟ್ಟಿಯಿಂದ ಕಟ್ಟಿಡುತ್ತಿದ್ದುದನ್ನು ಅವಳು ನೂರು ಸಲ ನೋಡಿದ್ದಳು. ಇದೂ ಅಂಥದೇ ಚಿಂದಿ ಅಂದುಕೊಂಡಳು. ಹೊಲಿಯದ ಫ್ರಾಕು ನೋಡುವುದಕ್ಕೆ ಚಿಂದಿಯ ಹಾಗೆಯೇ ಇರುತ್ತದೆ. ಮಡಿಕೆ ಬಿಚ್ಚದೆ, ನಾಲ್ಕು ಪದರ ಸೇರಿಸಿ ನನ್ನ ಬಾಯಿಗೆ ಕೊಟ್ಟಳು.

ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಾನು ಕತ್ತರಿಸಿದ ಅಂಚು ನನಗೆ ತಿಳಿಯದೆ? ಮುಟ್ಟಿದ ಕೂಡಲೇ ತಿಳಿಯಿತು: ಇದು ಕಾಲರಿನ ಬಾಗು, ಇದು ತೋಳಿನ ಕುಳಿ, ಇದು ದೇವಪುತ್ರಪ್ಪನ ಕೊನೆಯ ಕೆಲಸ. ತಿರುಪು ಬಿಗಿದುಕೊಂಡಿದ್ದರೆ ಮುಗಿಯುತ್ತಿತ್ತು. ಮೂರು ಕಾಸಿನ ಕೆಂಪು ಕಾಗದಕ್ಕೆ ಅಷ್ಟು ಹಟ ಮಾಡಿದವನು ನಾನು. ಆದರೆ ಹೊಸದಾಗಿ ಸಾಣೆ ಹಿಡಿದಿದ್ದರು. ಒಂದು ವರ್ಷದ ಮೇಲೆ ಬಟ್ಟೆ ಸಿಕ್ಕಿತ್ತು. ನನಗೆ ಆಸೆಯಾಯಿತು. ಕರಕರನೆ ಓಡಿದೆ. ಎಂಥ ಸುಖವೆನಿಸಿತು ಅಂತ ಹೇಳಲು ಇವತ್ತು ನಾಚಿಕೆಯಾಗುತ್ತದೆ.

ಎಲ್ಲ ಮುಗಿದ ಮೇಲೆ ಕೃಪಾ ಚೌಕಗಳನ್ನು ಒಂದೊಂದಾಗಿ ಬಿಡಿಸಿದಳು. ಒಂದರಲ್ಲಿ ಸೀಮೆಸುಣ್ಣದ “ಕೃ” ಇತ್ತು. ಹುಡುಕಿ ಇನ್ನೊಂದರಲ್ಲಿ “ಪಾ” ಕಂಡಳು. ಪಕ್ಕಪಕ್ಕ ಇಟ್ಟಳು. ಅಪ್ಪನ ಅಕ್ಷರ. ಅಲ್ಲಿಗೆ ಅವಳಿಗೆ ಎಲ್ಲ ತಿಳಿಯಿತು. ಆ ಎರಡು ಚೌಕಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತಲ್ಲೇ ಕೂತಳು.

ಸಂಜೆ ರಾಹೇಲಮ್ಮ ಬಂದಳು. ನೆಲದ ತುಂಬ ನೀಲಿ ಚೌಕಗಳು. ಏನು, ಯಾಕೆ ಎಂದು ಕೇಳಲಿಲ್ಲ. ಹೊಡೆದಳು. ಎರಡು ಕೆನ್ನೆಗೂ ಹೊಡೆದಳು. ನನ್ನನ್ನು ಕಿತ್ತು ಗೋಡೆಗೆ ಎಸೆದಳು. ನನ್ನ ಒಂದು ತುದಿ ಅವತ್ತು ಮುರಿದದ್ದು. ಆಮೇಲೆ ಚೌಕಗಳನ್ನು ಬಳಿದು, ಅದೇ ಪತ್ರಿಕೆಯಲ್ಲಿ ಸುತ್ತಿ, ಟ್ರಂಕಿಗೆ ಹಾಕಿ ಬೀಗ ಹಾಕಿದಳು. ಹುಡುಗಿ ಯಾರಿಗಾಗಿ ಕತ್ತರಿಸಿದೆನೆಂದು ಹೇಳಲಿಲ್ಲ. ತಾಯಿ ಯಾಕೆ ಬಚ್ಚಿಟ್ಟಿದ್ದೆನೆಂದು ಹೇಳಲಿಲ್ಲ.

ಎಂಟು ವರ್ಷ ಹೀಗೇ ನಡೆಯಿತು. ಕೃಪಾ ನನ್ನನ್ನು ಮುಟ್ಟಲಿಲ್ಲ. ಶಾಲೆಯಲ್ಲಿ ಕಸೂತಿ ಕಲಿಸಿದರೆ ಹೊಟ್ಟೆನೋವೆಂದು ಎದ್ದು ಬರುತ್ತಿದ್ದಳಂತೆ. ಡಿಸೆಂಬರ್ ಬಂದರೆ ತಾಯಿ ಮಗಳು ಉಪ್ಪು, ಸಾರು, ನೀರು ಇಷ್ಟೇ ಮಾತಾಡುತ್ತಿದ್ದರು. ನಾನು ಮೊಳೆಗೆ ನೇತುಬಿದ್ದು ಇಬ್ಬರನ್ನೂ ನೋಡುತ್ತಿದ್ದೆ. ಏಟು ನನ್ನ ಪಾಲಿನದು, ತಿಂದವಳು ಹುಡುಗಿ.

ಕಳೆದ ವರ್ಷ ರಜೆಯಲ್ಲಿ ಹನಮವ್ವ ಸೂಜಿ ದಾರ ಹಿಡಿದು ಬಂದಳು. ಕಣ್ಣು ಮಂದವಾಗಿ ದಾರ ಪೋಣಿಸಲು ಬರುತ್ತಿರಲಿಲ್ಲ. ಕೃಪಾ ಆಗಲ್ಲವೆಂದು ಮುಖ ತಿರುಗಿಸಿದಳು. ಸೂಜಿಗೂ ಇಷ್ಟು ಹೆದರುವುದೇನೆಂದು ಮುದುಕಿ ಕೇಳಿದಾಗ, ರಾಹೇಲಮ್ಮ ಒಲೆಯ ಕಡೆಯಿಂದ, ಅವಳಿಗೆ ಕೆಡಿಸುವುದು ಗೊತ್ತು, ಹೊಲಿಯುವುದಲ್ಲ ಅಂದಳು.

ಹನಮವ್ವ ಅಲ್ಲೇ ಕೂತುಬಿಟ್ಟಳು.

“ಕತ್ತರಿಸು ಅಂದಾಕಿ ನಾನು, ರಾಹೇಲ. ನಿನಗ ಹೇಳಬ್ಯಾಡ ಅಂದಾಕೀನೂ ನಾನ. ನೀ ಚಳಿಯಾಗ ಕೆಮ್ಮತಿದ್ದಿ ಅಂತ ನಿನಗ ಕೌದಿ ಮಾಡಾಕ ಹೊಂಟಿತ್ತು ಆ ಕೂಸು. ಅವತ್ತ ಗ್ವಾಡಿ ಆಚೆ ನಿಂತು ಏಟಿನ ಸಪ್ಪಳ ಕೇಳೇನಿ. ಅಂಜಿ ಒಳಗ ಬರಲಿಲ್ಲ. ಬಡಿಯೂದಿದ್ರ ಈಗ ನನ್ನ ಬಡಿ.”

ರಾಹೇಲಮ್ಮ ಮಗಳ ಮುಖ ನೋಡಿದಳು. ಎಂಟು ವರ್ಷದಲ್ಲಿ ಹಾಗೆ ನೋಡಿದ್ದನ್ನು ನಾನು ಕಾಣೆ. ಒಲೆ ಬಿಟ್ಟು ಬಂದು ಅವಳ ಎದುರಿಗೆ ಕೂತಳು. ಆಮೇಲೆ ಹೊರಬಂತು ಅವಳ ಗುಟ್ಟು. ಆ ಫ್ರಾಕಿಗಾಗಿ ತಾನೇ ಜಗಳ ತೆಗೆದದ್ದು, ಅವನು ಅರ್ಧ ಊಟಕ್ಕೆ ಎದ್ದದ್ದು, ಬೆಳಗಾದರೆ ಅವನಿಲ್ಲದ್ದು. ಆ ಬಟ್ಟೆ ಹೊಲಿದು ಮಗಳಿಗೆ ಯಾವ ಕೈಯಿಂದ ತೊಡಿಸಲಿ ಎಂದು ಬಚ್ಚಿಟ್ಟಿದ್ದಳು.

“ಅವ ಆ ಸಿಟ್ಟಿನಾಗ ಕತ್ತರಿಸ್ಯಾನವ್ವ,” ಅಂದಳು. “ಆ ಸಿಟ್ಟಿನಾಗ ಹೋದ.”

ಇಲ್ಲ ಎಂದು ಕೂಗಬೇಕೆನಿಸಿತು ನನಗೆ. ದೇವಪುತ್ರಪ್ಪ ಅವತ್ತು ಸಿಟ್ಟಿನಲ್ಲಿರಲಿಲ್ಲ. ಗುನುಗುತ್ತಿದ್ದ. ಅವನ ಹೆಬ್ಬೆರಳು ನನ್ನ ಹಿಡಿಯಲ್ಲಿ ತಾಳ ಹಾಕುತ್ತಿತ್ತು. ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ನನಗೆ ಬಾಯಿ ಕೊಟ್ಟಿದ್ದಾರೆ, ಮಾತು ಕೊಟ್ಟಿಲ್ಲ.

ಕೃಪಾ ಎದ್ದು ಹೋಗಿ ತನ್ನ ಬೈಬಲ್ ತಂದಳು. ಅದರ ನಡುವಿನಿಂದ ಎರಡು ನೀಲಿ ಚೌಕ ತೆಗೆದು ತಾಯಿಯ ಮುಂದೆ ಜೋಡಿಸಿದಳು. ಒಂಬತ್ತು ವರ್ಷದ ಸೀಮೆಸುಣ್ಣ, ಮಾಸಿತ್ತು, ಆದರೂ ಕಾಣುತ್ತಿತ್ತು. ಹೆಸರು. ಹೆಸರಿನ ಪಕ್ಕ ಒಂದು ಪುಟ್ಟ ನಕ್ಷತ್ರ, ಅವಳು ಬಾಗಿಲಿಗೆ ಕಟ್ಟುತ್ತಿದ್ದಂಥದು, ಐದು ಮೂಲೆಯದು.

“ಸಿಟ್ಟಿನಾಗ ಇದ್ದಾವ ನಕ್ಷತ್ರ ಬರೀತಾನೇನವ್ವ?” ಅಂದಳು.

ಟ್ರಂಕಿನ ಬೀಗ ಅವತ್ತೇ ತೆಗೆದರು. ಚೌಕಗಳನ್ನು ನೆಲಕ್ಕೆ ಹರಡಿ, ಗೆರೆಗೆ ಗೆರೆ ಕೂಡಿಸಿ, ಮೂವರೂ ಸೇರಿ ಫ್ರಾಕು ಜೋಡಿಸಿದರು. ಒಂಬತ್ತು ವರ್ಷದ ಹುಡುಗಿಯದು. ಇನ್ನು ಯಾರಿಗೂ ಆಗುವುದಿಲ್ಲ. ಎಡತೋಳಿನ ಒಂದು ಚೌಕ ಸಿಗಲೇ ಇಲ್ಲ. ಅಲ್ಲಿಗೆ ಅಪ್ಪನ ಲುಂಗಿಯ ತುಂಡು ಇಟ್ಟರು. ಸೀರೆಯ ಮೇಲೆ ಸೀರೆ ಹಾಸಿ, ನಟ್ಟನಡುವೆ ಆ ಫ್ರಾಕನ್ನು ತೋಳು ಚಾಚಿಸಿ ಮಲಗಿಸಿ, ರಜೆಯೆಲ್ಲ ಕೂತು ಕೌದಿ ಹೊಲಿದರು. ಜೋಡಿಸುವುದು ಸೂಜಿಯ ಕೆಲಸ. ನನ್ನನ್ನು ಯಾರೂ ಕರೆಯಲಿಲ್ಲ. ಕರೆಯಬಾರದು ಕೂಡ.

ಕೊನೆಯ ದಿನ ಹನಮವ್ವ ಮೂಲೆಯೊಳಗೆ ಸಕ್ಕರೆ ಇಟ್ಟಳು. ಕೃಪಾ ಹೊಲಿಗೆ ಮುಗಿಸಿ ಗಂಟು ಹಾಕಿದಳು. ದಾರ ಕತ್ತರಿಸಬೇಕಿತ್ತು. ಅವಳು ಮೊಳೆಯ ಕಡೆ ನೋಡಿದಳು, ಎದ್ದಳು, ಎಂಟು ವರ್ಷದ ಮೇಲೆ ನನ್ನ ಹಿಡಿಯೊಳಗೆ ಬೆರಳು ತೂರಿಸಿದಳು. ಅಪ್ಪನದೇ ಹೆಬ್ಬೆರಳು.

ನಾನು ಬಿಗಿದುಕೊಂಡೆ. ತುಕ್ಕಿಗೂ ಅಲ್ಲ, ಮುರಿದ ತುದಿಗೂ ಅಲ್ಲ. ಆ ನೀಲಿ ಬಟ್ಟೆಯ ಹತ್ತಿರ ಮೂರನೆಯ ಸಲ ಬಾಯಿ ತೆಗೆಯಲು ನನ್ನಿಂದಾಗಲಿಲ್ಲ. ಮಾಡಬೇಕಾದ ದಿನ ಮಾಡದ ಹಟವನ್ನು, ಏನೂ ಪ್ರಯೋಜನವಿಲ್ಲದ ದಿನ ಮಾಡಿದೆ.

“ಇನ್ನೂ ಹಟ ಹೋಗಿಲ್ಲ ಇದರದು,” ಅಂದಳು ಕೃಪಾ. ನಕ್ಕಳು.

ರಾಹೇಲಮ್ಮ ಬಗ್ಗಿ ಹಲ್ಲಿನಿಂದ ದಾರ ಕಡಿದಳು.