ಸಿನಿಮಾದಲ್ಲಿಲ್ಲದ ಓಲೆ

ನಮ್ಮೂರ ಹೆಂಗಸರಿಗೆ ಹಿಂದಿ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿ, ಅಪ್ಪನ ಎರಡನೇ ಹೆಂಡತಿ ಚಿಕ್ಕಮ್ಮ ನನ್ನನ್ನು ಬಂಗಾರಪೇಟೆಯಲ್ಲಿ ಉರ್ದು ಮಾತಾಡುವ ಮನೆಯೊಂದಕ್ಕೆ ಬೀಡಿ ಕಟ್ಟಲು ಕಳಿಸಿದ್ದಳು. ಅಲ್ಲಿ ಕೇಳಿ ಕೇಳಿ ಕಲಿತಿದ್ದೆ. ಹಾಗಾಗಿ ರಾಬರ್ಟ್‌ಸನ್‌ಪೇಟೆಗೆ ಹಿಂದಿ ಸಿನಿಮಾ ಬಂದರೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಹೆಂಗಸರ ಬೆಂಚಿನ ನಡುವೆ ಕೂತು ತೆರೆಯ ಮೇಲಿನ ಮಾತನ್ನೆಲ್ಲ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ನನ್ನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ.

ಹೆತ್ತವಳು ನಾನು ಹುಟ್ಟಿದ ವಾರಕ್ಕೇ ಸತ್ತಳು. ಹಾಲು ಕೊಟ್ಟು ಸಾಕಿದವಳು ನಮ್ಮ ಕೊಟ್ಟಿಗೆಯಲ್ಲಿ ಕೂಲಿಗಿದ್ದ ಪಾಪಕ್ಕ. ನಾನು ಅಮ್ಮಾ ಎನ್ನುತ್ತಿದ್ದುದು ಅವಳನ್ನೇ. ಹೋದ ವರ್ಷ ಚಿಕ್ಕಮ್ಮ ವೆಂಕಟರತ್ನಮ್ಮ ತನ್ನ ಕೆಂಪು ಕಲ್ಲಿನ ಕಿವಿಯೋಲೆಯನ್ನು ಹಿತ್ತಲ ಬಾಗಿಲಲ್ಲಿ ತನ್ನ ತಮ್ಮ ಸೀನಪ್ಪನ ಕೈಗಿಟ್ಟು, ಪಾಪಕ್ಕ ಕದ್ದಳೆಂದು ಊರೆಲ್ಲ ಕೂಗಿದಳು. ಬಣವೆ ಪಕ್ಕ ನಿಂತು ನಾನು ನೋಡಿದ್ದೆ. ಅಪ್ಪನಿಗೆ ಹೇಳಿದೆ. ಕೆನ್ನೆಗೆ ಬಿತ್ತು. ಪಾಪಕ್ಕ ಉರಿಗಾಂನಲ್ಲಿ ಗಣಿ ಕೂಲಿಗಳ ಲೈನ್ ಮನೆಗಳಿಗೆ ಪಾತ್ರೆ ತಿಕ್ಕಲು ಹೋದಳು. ಅವಳನ್ನು ಕಳ್ಳಿ ಎಂದ ಬಾಯಿ ಆ ಮಾತನ್ನು ಎಲ್ಲರ ಮುಂದೆ ನುಂಗಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಆ ಭಾನುವಾರದ ಮ್ಯಾಟಿನಿ ಸಾಕುತಾಯಿಯೊಬ್ಬಳ ಕತೆ. ಚಿಕ್ಕಮ್ಮ ಮೊದಲ ಹಾಡಿಗೇ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಸಾಕಿದ ರುಣ ಅಂದ್ರೆ ಇದು ಕಣಮ್ಮಾ" ಎಂದು ಪಕ್ಕದ ಮನೆ ಅಮ್ಮಾಜಮ್ಮನ ತೊಡೆ ತಟ್ಟಿದಳು. ನನಗೆ ಮೈಯೆಲ್ಲ ಉರಿಯಿತು.

ತೆರೆಯ ಮೇಲೆ ಯಜಮಾನಿ ತನ್ನ ತಮ್ಮನ ಕೈಗೆ ಪೊಟ್ಟಣವೊಂದನ್ನು ಕೊಟ್ಟಳು. ಕಾಯಿಲೆ ಬಿದ್ದ ಸಾಕುತಾಯಿಗೆ ಔಷಧಿ. ಆ ಯಜಮಾನಿ ದೇವರಂಥವಳು.

"ಏನಂತೆ?" ಎಂದಳು ಅಮ್ಮಾಜಮ್ಮ.

"ಒಡವೆ ಕೊಡ್ತಾವ್ಳೆ ತಮ್ಮಂಗೆ. ಆಳು ಕದ್ಲು ಅಂತ ಏಳ್ತಾಳಂತೆ."

"ಅಯ್ಯೋ ಮುಂಡೆ!" ಬೆಂಚೆಲ್ಲ ಬೈಯಿತು. ಅಳುವಿನ ಭರದಲ್ಲಿ ಚಿಕ್ಕಮ್ಮನಿಗೆ ತಾನು ಮಾಡಿದ್ದರ ನೆನಪೇ ಇರಲಿಲ್ಲ. ಎಲ್ಲರಿಗಿಂತ ಜೋರಾಗಿ ಶಪಿಸಿದಳು: "ಕೊಟ್ಟ ಕೈ ಸೇದೋಗ್ಲಿ!"

"ಯಾವ ಒಡವೇನೇ?" ಎಂದಳು ಅಮ್ಮಾಜಮ್ಮ.

"ಕೆಂಪು ಕಲ್ಲಿನ ಓಲೆ. ಹಿತ್ಲು ಬಾಗ್ಲಲ್ಲಿ. ತಮ್ಮ ಮಾರಿಕುಪ್ಪಂ ರೈಲ್ಗೆ ಬಂದವ್ನೆ."

"ಬೊಂಬಾಯ್ಗೂ ಐತಾ ಮಾರಿಕುಪ್ಪಂ ರೈಲು?" ಎಂದು ಹಿಂದಿನಿಂದ ಕನಕಮ್ಮ ನಕ್ಕಳು.

ಅಮ್ಮಾಜಮ್ಮ ನಗಲಿಲ್ಲ. "ವೆಂಕಟರತ್ನಮ್ಮಾ, ಅವತ್ತು ನಿಮ್ ಸೀನಪ್ಪಾನೂ ಆ ರೈಲ್ಗೇ ಅಲ್ವಾ ಬಂದಿದ್ದು?"

"ಸುಮ್ಕೆ ಸಿನಿಮಾ ನೋಡಮ್ಮಾ."

"ಕೈ ಸೇದೋಗ್ಲಿ ಅಂತ ನೀನೇ ಅಂದ್ಯಲ್ಲೇ!"

ಚಿಕ್ಕಮ್ಮನ ಅಳು ನಿಂತಿತು. ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಅಲ್ಲಿಂದಾಚೆ ನಾನು ಬಾಯಿ ಬಿಡಲಿಲ್ಲ.

ಸಿನಿಮಾ ಬಿಟ್ಟ ಮೇಲೆ ಉರಿಗಾಂ ಸ್ಟೇಷನ್ನಿಗೆ ನಡೆದೆವು. ಚಿಕ್ಕಮ್ಮನ ಜೊತೆ ಯಾರೂ ಹೆಜ್ಜೆ ಹಾಕಲಿಲ್ಲ. ಅವಳು ನನ್ನ ತೋಳು ಜಿಗುಟಿ, "ಮನೇಗ್ ಬಾ, ನಾಲ್ಗೆ ಕೀಳ್ತೀನಿ" ಎಂದಳು. ಜಿಗುಟಿದ್ದು ಎಡಗೈಯಲ್ಲಿ.

"ಲೇ ಮುನಿರತ್ನ, ಕೊನೇಗೇನಾಯ್ತು ಏಳ್ಲೇ ಇಲ್ವಲ್ಲೇ" ಎಂದು ಅಮ್ಮಾಜಮ್ಮ ಕೂಗಿದಳು.

ಬೀದಿಯಲ್ಲಿ ಅಷ್ಟು ಜೋರಾಗಿ ನಾನು ಎಂದೂ ಮಾತಾಡಿರಲಿಲ್ಲ. "ಯಜಮಾನಿ ಲೈನ್ ಮನೇತಕ ಓಗಿ ಆ ಸಾಕಿದಮ್ಮನ ಕಾಲು ಹಿಡಿದ್ಲು. ತಪ್ಪು ಒಪ್ಕೊಂಡ್ಲು. ಅದ್ಕೇ ಕೈ ಸೇದೋಗ್ಲಿಲ್ಲ."

ಎಲ್ಲರೂ ನಿಂತರು. ಲೈನ್ ಮನೆಗಳು ರಸ್ತೆಯ ಆಚೆಗೇ ಇದ್ದವು. ನಲ್ಲಿಯ ಹತ್ತಿರ ಪಾಪಕ್ಕ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ಚಿಕ್ಕಮ್ಮ ಸೆರಗೊಳಗಿನ ಕೈ ನೋಡಿಕೊಂಡಳು, ಹೆಂಗಸರ ಮುಖ ನೋಡಿದಳು. ಆಮೇಲೆ ರಸ್ತೆ ದಾಟಿದಳು.

ನಲ್ಲಿಯ ಕೆಸರಿನಲ್ಲೇ ಬಗ್ಗಿ ಪಾಪಕ್ಕನ ಕಾಲು ಮುಟ್ಟಿ, "ಓಲೆ ನಾನೇ ಕೊಟ್ಟಿದ್ದು" ಎಂದು ಗೊಣಗಿದಳು.

"ಸಿನಿಮಾದಾಗೆ ಜೋರಾಗಿ ಅಂತಾಳೆ" ಎಂದೆ.

"ನಾನೇ ಕೊಟ್ಟಿದ್ದು! ನೀನು ಕದ್ದಿಲ್ಲ!"

ಪಾಪಕ್ಕನಿಗೆ ಗಾಬರಿ. "ಯಾಕಮ್ಮಾ ಇದೆಲ್ಲಾ, ಎದ್ದೇಳಿ" ಎಂದು ಎತ್ತಲು ಬಗ್ಗಿದಳು. ಅವಳ ಒದ್ದೆ ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

"ತಡಿಯಮ್ಮಾ" ಎಂದೆ. "ಸಿನಿಮಾದಾಗೆ ಇಷ್ಟು ಬೇಗ ಎತ್ತಲ್ಲ."