ರಾಜವೈಭವದಲ್ಲೊಂದು ಬಿಸಿ ರೊಟ್ಟಿ

"ಅಡಿಗಿಯವ ನಿನ್ನೆ ಸಂಡೂರಿಗೆ ಹೋದಾವ ಇನ್ನಾ ಬಂದಿಲ್ರಿ, ಯಜಮಾನ್ರ," ಎಂದು ಲಾಡ್ಜಿನ ಮಾಲೀಕ ಗಾದಿಲಿಂಗಪ್ಪ ತಲೆ ಕೆರೆದುಕೊಂಡ.

ಜಂಬಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಿದ್ದಳು. "ಕುಂದ್ರು ನೀ," ಎಂದ ಗಂಡ ಹಾಲಸ್ವಾಮಿ. "ಇವತ್ತ ಒಲಿ ಮುಂದ ಹೋಗಂಗಿಲ್ಲ. ಹಾಳ್ಯಾಗ ಹಂಗ ಬರದಾರ."

ಆ ಜಾಹೀರಾತಿನ ಅಚ್ಚಿನ ಹಾಳೆಯೇ ಇಷ್ಟಕ್ಕೆಲ್ಲ ಕಾರಣ. ಹೊಸಪೇಟೆ ಸ್ಟೇಷನ್ನಿನ ಎದುರು 'ರಾಜವೈಭವ' ಲಾಡ್ಜು, ಸ್ಪ್ರಿಂಗಿನ ಮಂಚ, ಹಗಲೂ ರಾತ್ರಿ ಪಂಖ, ಅರಸರಿಗೂ ಸಿಗದ ಊಟ. ಬಂದ ಹೆಣ್ಣುಮಕ್ಕಳು ಒಲೆಯ ಕಡೆ ತಿರುಗಿಯೂ ನೋಡಬೇಕಿಲ್ಲವಂತೆ! ಕಂಪ್ಲಿಯ ತನ್ನ ಅಕ್ಕಿ ಗಿರಣಿಯಲ್ಲಿ ಕೂತು ಹಾಲಸ್ವಾಮಿ ಅದನ್ನು ಓದಿದ್ದೇ ಓದಿದ್ದು. ಮನೆಮಂದಿ, ಗಿರಣಿಯವರು, ಬಂದ ಜಂಗಮರು ಎಲ್ಲ ಉಂಡೆದ್ದ ಮೇಲೆ ತಣ್ಣಗಾದ ರೊಟ್ಟಿ ಮುರಿಯುವ ಹೆಂಡತಿ ಒಂದು ದಿನವಾದರೂ ಬಿಸಿಯದು ಉಣ್ಣಲಿ ಎಂದು ಅವನಿಗೆ ಹಟ ಹತ್ತಿತು. ಹಂಪಿಯ ದರ್ಶನ ಅನ್ನುವುದೆಲ್ಲ ನೆಪ.

ಈಗ ನೋಡಿದರೆ ಪಂಖದ ಹಗ್ಗ ಎಳೆಯುವವನೂ ನಾಪತ್ತೆ. ಮಂಚಕ್ಕೆ ಮಾತ್ರ ಸ್ಪ್ರಿಂಗು ಇದ್ದದ್ದು ಖರೆ. ಕೂತರೆ ಒಂದು ಕಡೆ ತಗ್ಗಿ ಕಿರ್ರೋ ಅನ್ನುತ್ತಿತ್ತು.

"ಮತ್ತ ಅಡಿಗಿ ಯಾರು ಮಾಡ್ತಾರ್ರಿ?" ಎಂದಳು ಜಂಬಮ್ಮ.

"ನಾ ಮಾಡ್ತೀನಿ."

"ಶಿವಶಿವಾ! ನಿಮಗ ಒಲಿ ಹಚ್ಚಾಕರ ಬರ್ತದೇನ್ರಿ?"

ಹಾಲಸ್ವಾಮಿ ಅಡಿಗೆಮನೆಗೆ ನಡೆದ. ಗಾದಿಲಿಂಗಪ್ಪ ಹಿಂದೆಯೇ ಓಡಿದ. ಸ್ವಲ್ಪ ಹೊತ್ತಿಗೆ ಹೊಗೆ ಬಂತು, ಕೆಮ್ಮು ಬಂತು, ರೊಟ್ಟಿ ಬಡಿಯುವ ಸದ್ದೂ ಬಂತು. "ಹರೀತಲ್ಲೋ ಮಾರಾಯಾ!" ಎಂದು ಹಾಲಸ್ವಾಮಿ ಕೂಗಿದ. ತಣ್ಣೀರಲ್ಲಿ ಹಿಟ್ಟು ಕಲಸಿದ್ದಾರೆ, ಅಯ್ಯೋ ದೇವರೇ, ಬಿಸಿನೀರು ಬೇಕಲ್ಲ ಎಂದು ಜಂಬಮ್ಮನ ಜೀವ ಚಡಪಡಿಸಿತು. ಏಳಲು ಹೋದಳು. ಬೆಳಗಿನಿಂದ ಸಣ್ಣ ಹುಡುಗನ ಹಾಗೆ ಹಿಗ್ಗುತ್ತಿದ್ದ ಗಂಡನ ಮುಖ ನೆನಪಾಗಿ ಮತ್ತೆ ಕೂತಳು.

ಮೂಗಿಗೆಲ್ಲ ಬೂದಿ ಮೆತ್ತಿಕೊಂಡು ಹಾಲಸ್ವಾಮಿ ತಾಟು ತಂದ. ರೊಟ್ಟಿ ಮೂರು ತುಂಡಾಗಿತ್ತು, ಅಂಚು ಕರಕಲಾಗಿತ್ತು, ಪಕ್ಕದಲ್ಲಿ ಶೇಂಗಾ ಚಟ್ನಿ. ಅವನ ಹೆಬ್ಬೆರಳು ಸುಟ್ಟು ಕೆಂಪಾಗಿತ್ತು.

"ಮೊದಲ ನೀವು ಉಣ್ರಿ."

"ಆರ್ತದ, ತಿನ್ನು ಜಲ್ದಿ."

ಬಾಯಿಗಿಟ್ಟಳು. ನಾಲಿಗೆ ಚುರ್ ಎಂದಿತು. ಕಣ್ಣಲ್ಲಿ ನೀರು ಬಂತು. ಎಷ್ಟು ಸಂತೋಷವಾಯಿತೆಂದರೆ ಒರೆಸಿಕೊಳ್ಳುವುದೂ ಮರೆಯಿತು.

"ಕಂಪ್ಲ್ಯಾಗ ಏನಂತ ಹೇಳ್ತೀರವ್ವಾ?" ಗಾದಿಲಿಂಗಪ್ಪ ಬಾಗಿಲಲ್ಲೇ ನಿಂತು ಕೇಳಿದ. "ನನ್ನ ಮರ್ಯಾದಿ ಹೋತು."

"ಹಾಳ್ಯಾಗ ಬರದಂಗ ಐತಿ ಅಂತೀನಿ ಬಿಡಪಾ."

ಆಮೇಲೆ, ಇಷ್ಟು ವರ್ಷದಲ್ಲಿ ಗಂಡನನ್ನು ಒಂದು ಲೋಟ ನೀರೂ ಕೇಳದ ಜಂಬಮ್ಮ ತಾಟನ್ನು ಮುಂದೆ ಚಾಚಿದಳು.

"ಇನ್ನೊಂದು ತರ್ರಿ. ಬಿಸೀದು."

ಹಾಲಸ್ವಾಮಿ ಓಡಿದ. ಆಕೆ ಕಾಲೆರಡನ್ನೂ ಮಂಚದ ಮೇಲೆ ತೆಗೆದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತಳು.