ಎಲ್ಲರಿಗೂ ಒಂದೇ ನಂಬರ್

ನೀಲಕ್ಕನಿಗೆ ಫೋನ್ ಇರಲಿಲ್ಲ.

ದಾವಣಗೆರೆಯ ಎಸ್.ಎಸ್. ಬಡಾವಣೆಯ ಆಸ್ಪತ್ರೆಯಲ್ಲಿ ಮಂಡಿ ಬದಲಿಸಿಕೊಂಡವರ ವಿವರವನ್ನೂ, ಒಳಗೆ ಕೂರಿಸಿದ ಕೀಲಿನ ಬ್ಯಾಚ್ ನಂಬರನ್ನೂ ರಾಷ್ಟ್ರೀಯ ನೋಂದಣಿಗೆ ಏರಿಸುವುದು ಪುಷ್ಪಲತಾಳ ಕೆಲಸ. ರೋಗಿಯ ಮೊಬೈಲ್‌ಗೆ ಬರುವ ಓಟಿಪಿ ಒತ್ತದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಫೋನಿಲ್ಲದವರು, “ನಿಮ್ದೇ ಹಾಕ್ರಿ ಮೇಡಂ, ಅದೇನ್ ಸವೀತೈತಾ?” ಎನ್ನುತ್ತಿದ್ದರು. ಅವಳು ಹಾಕುತ್ತಿದ್ದಳು. ಮೂರು ವರ್ಷದಲ್ಲಿ, ನೀಲಕ್ಕನೂ ಸೇರಿ, ಹದಿನಾಲ್ಕು ಜನಕ್ಕೆ. ಆಮೇಲೆ ಸಿಮ್ ಬದಲಿಸಿದಳು; ಆ ನಂಬರ್ ಸತ್ತುಹೋಯಿತು.

ಸೋಮವಾರ ಡಾಕ್ಟರ್ ರುದ್ರಮುನಿ ಒಂದು ಪತ್ರವನ್ನು ಅವಳ ಮುಂದೆ ತಳ್ಳಿದರು. ನೋಂದಣಿಯವರದು. ಒಂದು ಬ್ಯಾಚಿನ ಕೀಲಿನ ಪ್ಲಾಸ್ಟಿಕ್ ಬೇಗ ಸವೆದು, ಅದರ ಪುಡಿಯಿಂದ ಮೂಳೆ ಕರಗುತ್ತಿದೆ. ಹಲವು ಊರುಗಳ ದಾಖಲೆ ಒಟ್ಟಿಗೆ ನೋಡಿದಾಗ ಗೊತ್ತಾಯಿತು. ನಿಮ್ಮಲ್ಲಿ ಆ ಬ್ಯಾಚ್ ಒಬ್ಬರಿಗೆ: ನೀಲಕ್ಕ, ಹರಿಹರ. ಎಂಟು ತಿಂಗಳಲ್ಲಿ ಐದು ಸಂದೇಶ ಕಳಿಸಿದ್ದೇವೆ, ಉತ್ತರವಿಲ್ಲ. ನಿಮ್ಮಲ್ಲಿ ಇನ್ನೂ ಹದಿಮೂರು ಜನರ ಹೆಸರಿನ ಮುಂದೆ ಇದೇ ನಂಬರ್ ಇದೆ.

“ಈ ನಂಬರ್ ಯಾರ್ದು?”

“ನಂದು ಸರ್. ಹಳೇದು.”

“ಹದಿನಾಲ್ಕು ಜನಕ್ಕೆ ಒಂದೇ ಕಿವಿ. ಅದನ್ನೂ ಕಿತ್ತು ಬಿಸಾಕಿದ್ದಿ.” ಡಾಕ್ಟರ್ ದನಿ ಏರಿಸಲಿಲ್ಲ. “ಹೋಗು. ಆಯಮ್ಮನ್ನ ನಡೆಸ್ಬ್ಯಾಡ, ಗಾಡಿಯಾಗೆ ಕರ್ಕಂಬಾ. ಕಾಲು ಮುರಿದ್ರೆ ನನ್ ಕೈಲಿ ಏನೂ ಉಳಿಯಲ್ಲ.”

ವಿಳಾಸದಲ್ಲಿ ಇದ್ದದ್ದು ‘ಸ್ಟೇಷನ್ ಹಿಂದೆ’ ಎಂದಷ್ಟೇ. ಪುಷ್ಪಲತಾ ಹರಿಹರದಲ್ಲಿ ಒಂದು ಗಂಟೆ ಮನೆಮನೆ ಕೇಳಿದಳು. ನೀಲಕ್ಕ ಸಿಕ್ಕಾಗ ಸೊಪ್ಪಿನ ಬುಟ್ಟಿಯನ್ನು ತಲೆಗೆ ಏರಿಸುತ್ತಿದ್ದಳು.

“ಕೆಳಗಿಡ್ರಿ ಅಕ್ಕ. ಅಲ್ಲೇ ಕೂಡ್ರಿ.”

“ಯಾಕವ್ವ, ಸೊಪ್ಪಿಗೂ ಡಾಕ್ಟ್ರು ಬಂದ್ರಾ?”

“ಕಾಲು ನೋವೈತಾ?”

“ಮಳೆಗಾಲದಿಂದ ಐತೆ. ಕಟಕಟ ಅಂತೈತೆ. ಏನಾರ ತೊಂದ್ರೆ ಇದ್ರೆ ನಿನ್ ಫೋನಿಗೆ ಬರ್ತೈತೆ, ತಿಳಿಸ್ತೀನಿ ಅಂತ ನೀನೇ ಹೇಳಿದ್ದಿ. ಬರಲಿಲ್ಲ. ಹಂಗಾರೆ ಸರಿ ಐತೆ ಅನ್ಕಂಡೆ.”

“ಬಂದಿತ್ತು ಅಕ್ಕ. ನನ್ ಹಳೇ ನಂಬರಿಗೆ.”

ನೀಲಕ್ಕ ಬುಟ್ಟಿ ಇಳಿಸಿದಳು. “ಕೀಲು ಮಾತ್ರ ನನ್ ಕಾಲಿಗೆ ಹಾಕಿದ್ರಿ.”

ಆಟೋದವರೆಗೆ ಹನ್ನೆರಡು ಹೆಜ್ಜೆ. ನಡೆಸಬಾರದೆಂದು ಪುಷ್ಪಲತಾ ಮತ್ತು ಆಟೋದವನು ಅವಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಎತ್ತಿ ಒಯ್ದರು. ದಾವಣಗೆರೆಯವರೆಗೆ ಪ್ರತಿ ಗುಂಡಿಗೂ ಪುಷ್ಪಲತಾ ಆ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನೀಲಕ್ಕ ಕೈ ತಳ್ಳಲಿಲ್ಲ.

ಗುರುವಾರ ಮಂಡಿ ಬಿಚ್ಚಿ ಆ ಕೀಲು ತೆಗೆದರು. ಕಾಲು ಉಳಿಯಿತು. ಅಷ್ಟರಲ್ಲಿ ತೊಡೆಯ ಮೂಳೆಯಲ್ಲಿ ಮೂರು ಸೆಂಟಿಮೀಟರ್ ಕರಗಿ ಹೋಗಿತ್ತು, ಕೆಳಗಿನ ಮೂಳೆಯಲ್ಲಿ ಎರಡು.